ಅರಬ್ಬಿ ಕ್ಲಾಸಿಗೆ ಯಾವ ಹಾಡು: ಮಕ್ಕಳದ್ದೋ, ಸಿನಿಮಾದ್ದೋ?

ಹಾಸನದಲ್ಲಿ ಆರನೇ ಕ್ಲಾಸಿಗೆ ಅರಬ್ಬಿ ಹೇಳಿಕೊಡುವಾಗ ಎರಡನ್ನೂ ಹಾಕಿ ನೋಡಿದ್ದೇನೆ. ಈಜಿಪ್ಟಿನ ಸಿನಿಮಾ ಹಾಡು ಹಾಕಿದರೆ ಮಕ್ಕಳು ಬೆಂಚು ಬಡಿದು ತಾಳ ಹಾಕುತ್ತಾರೆ ನಿಜ, ಆದರೆ ಪುಸ್ತಕದ ‘ಜಮೀಲ್’ (ಅಂದರೆ ಸುಂದರ) ಕೈರೋ ಮಾತಿನಲ್ಲಿ ‘ಗಮೀಲ್’ ಆಗುತ್ತದೆ, ‘ಕಲ್ಬ್’ ಅಂದರೆ ಹೃದಯ, ಅದು ಬರೀ ‘ಅಲ್ಬ್’ ಅಂತ ಕೇಳಿಸುತ್ತದೆ, ಉಕ್ತಲೇಖನ ಕೊಟ್ಟರೆ ಹಾಗೇ ಬರೆದುಬಿಡುತ್ತಾರೆ.

ಮಕ್ಕಳ ಹಾಡು ಸ್ವಲ್ಪ ಸಪ್ಪೆ. ಆದರೆ ಶುದ್ಧ ಅರಬ್ಬಿಯಲ್ಲಿರುವುದನ್ನು ಹುಡುಕಿದರೆ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. ಅದೇ ‘ಕಲ್ಬ್’ ನೋಡಿ, ಗಂಟಲಿನ ಆಳದಿಂದ ‘ಕ’ ಬಂದರೆ ಹೃದಯ, ನಮ್ಮ ಮಾಮೂಲಿ ‘ಕ’ ಬಂದರೆ ನಾಯಿ! ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಸಾಲದು, ಕಿವಿಗೆ ಹತ್ತು ಸಲ ಬೀಳಬೇಕು ಅಲ್ವಾ?

ಶುರುವಿಗೆ ಮಕ್ಕಳ ಹಾಡೇ ಇರಲಿ. ಸಿನಿಮಾದ್ದನ್ನು ಶನಿವಾರದ ಕೊನೆ ಪೀರಿಯಡ್ಡಿಗೆ ಇಟ್ಟುಕೊಳ್ಳಿ.