ಕಟ್ಟಿದ ಪೈಪಿಗೆ ಪುಡಿಯೋ, ಸ್ಪ್ರಿಂಗೋ, ಜೆಟ್ಟೋ?

ಜೋರಾಗಿ ನೀರು ಚಿಮ್ಮಿಸಿ ಕಟ್ಟಿದ ಪೈಪ್ ಬಿಡಿಸುವ ಜೆಟ್ ಮೆಷಿನ್ ಅಂದ ಕೂಡಲೇ ಎಲ್ಲರೂ ಕೇಳುವುದು ಪ್ರೆಶರ್ ಎಷ್ಟು ಅಂತ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದೂ ಅದೇ. ಕಾಸ್ಟಿಕ್ ಪುಡಿ, ಪೈಪಿನೊಳಗೆ ತೂರಿಸಿ ತಿರುಗಿಸುವ ಉದ್ದನೆಯ ಸ್ಪ್ರಿಂಗ್, ಮನೆಯ ಪ್ರೆಶರ್ ವಾಶರಿಗೆ ಸಿಕ್ಕಿಸುವ ಜೆಟ್ ಹೋಸ್, ಗಾಡಿಯಲ್ಲಿ ಬರುವ ದೊಡ್ಡ ಜೆಟ್ ಮೆಷಿನ್, ಈ ನಾಲ್ಕನ್ನೂ ನಮ್ಮ ಮನೆಯ ಪೈಪುಗಳಲ್ಲೇ ಬಳಸಿ ನೋಡಿದ್ದೇನೆ. ಈಗ ನಾನು ಪ್ರೆಶರ್ ಕೇಳುವುದು ಆಮೇಲೆ. ಮೊದಲು ಕೇಳುವುದು ಒಳಗೆ ಸಿಕ್ಕಿಕೊಂಡಿರುವುದು ಏನು, ಮೆಷಿನ್ ನಿಮಿಷಕ್ಕೆ ಎಷ್ಟು ಲೀಟರ್ ನೀರು ತಳ್ಳುತ್ತದೆ ಅಂತ.

ಪುಡಿಯ ಕಥೆ ಬೇಗ ಮುಗಿಯುತ್ತದೆ. ಕಾಸ್ಟಿಕ್ ಸೋಡಾ ನೀರಿಗೆ ಬಿದ್ದರೆ ಕಾಯುತ್ತದೆ, ಜಿಡ್ಡನ್ನು ಸಾಬೂನು ಮಾಡುತ್ತದೆ, ಕೂದಲನ್ನು ಕರಗಿಸುತ್ತದೆ. ನೀರು ನಿಧಾನವಾಗಿಯಾದರೂ ಇಳಿಯುತ್ತಿದ್ದರೆ ಒಂದಷ್ಟು ಉಪಯೋಗ ಉಂಟು. ಪೂರ್ತಿ ಕಟ್ಟಿದ್ದರೆ ನಿಂತ ನೀರಿನಲ್ಲೇ ಉಳಿದುಬಿಡುತ್ತದೆ, ಕಟ್ಟಿದ ಜಾಗದ ತನಕ ಸರಿಯಾಗಿ ಹೋಗುವುದೇ ಇಲ್ಲ. ನನಗೆ ಅದರ ಮೇಲೆ ಸಿಟ್ಟು ಬೇರೆ ಕಾರಣಕ್ಕೆ. ಒಮ್ಮೆ ಪುಡಿ ಸುರಿದರೆ ಆಮೇಲೆ ಆ ಪೈಪಿನಲ್ಲಿ ಬೇರೆ ಕೆಲಸ ಮಾಡುವುದೇ ಕಷ್ಟ. ಸಿಂಕಿನ ಕೆಳಗಿನ ಬಾಗಿದ ಪೈಪ್, ಅಂದರೆ ಟ್ರ್ಯಾಪ್, ಬಿಚ್ಚಿದರೆ ಕೈ ಸುಡುವ ನೀರು. ಜೆಟ್ ಹಾಕಿದರೆ ಅದೇ ನೀರು ಮುಖಕ್ಕೆ ಹಾರುತ್ತದೆ. ಅದು ಸಾಲದು ಅಂತ ಕೆಲವರು ಮೇಲಿಂದ ಆಸಿಡ್ ಸುರಿಯುತ್ತಾರೆ, ಅದು ಕಾಸ್ಟಿಕ್ ಜೊತೆ ಕುದಿದು ಸಿಡಿಯುತ್ತದೆ. ಬ್ಲೀಚ್ ಜೊತೆ ಆಸಿಡ್ ಸೇರಿದರಂತೂ ಕ್ಲೋರಿನ್ ಗ್ಯಾಸ್ ಏಳುತ್ತದೆ. ಜೆಟ್ ಮಾಡಿಸುವ ಯೋಚನೆ ಇದ್ದರೆ ಪುಡಿ ಡಬ್ಬ ಮುಟ್ಟಬೇಡಿ. ಆಗಲೇ ಹಾಕಿದ್ದರೆ ಕೆಲಸಕ್ಕೆ ಬಂದವರಿಗೆ ಮೊದಲೇ ಹೇಳಿ.

ಸ್ಪ್ರಿಂಗ್ ಬಗ್ಗೆ ನನಗೆ ಗೌರವ ಇದೆ. ಕೈಯಲ್ಲಿ ತಿರುಗಿಸುವ ಸಾದಾ ಸ್ಪ್ರಿಂಗ್ ಬಚ್ಚಲಿನ ಕೂದಲಿನ ಉಂಡೆಯನ್ನು ಸಿಕ್ಕಿಸಿಕೊಂಡು ಹೊರಗೆ ತರುತ್ತದೆ. ಬಟ್ಟೆ ಚೂರು, ಒದ್ದೆ ವೈಪ್ಸ್, ಕಮೋಡಿಗೆ ಬಿದ್ದ ಏನೋ ಒಂದು, ಇಂಥದ್ದಕ್ಕೆ ಜೆಟ್ಟಿಗಿಂತ ಇದೇ ವಾಸಿ. ಜೆಟ್ ನೀರು ಬಟ್ಟೆಯನ್ನು ಇಲ್ಲಿಂದ ಮುಂದಿನ ಎಲ್ಬೋಗೆ, ಅಂದರೆ ಪೈಪಿನ ತಿರುವಿಗೆ, ತಳ್ಳಿ ಅಲ್ಲಿ ಕೂರಿಸಬಹುದು, ಅಷ್ಟೇ. ಆದರೆ ಸಿಂಕಿನ ಪೈಪಿನ ಜಿಡ್ಡಿಗೆ ಸ್ಪ್ರಿಂಗ್ ಬಿಟ್ಟರೆ ನಡುವೆ ಒಂದು ತೂತು ಬೀಳುತ್ತದೆ. ನೀರು ಗಡಗಡ ಇಳಿಯುತ್ತದೆ, ನಮಗೂ ಖುಷಿ. ಗೋಡೆಯ ಜಿಡ್ಡು ಮಾತ್ರ ಹಾಗೇ ಇರುತ್ತದೆ. ಸ್ವಲ್ಪ ದಿನಕ್ಕೆ ಆ ತೂತೂ ಮುಚ್ಚುತ್ತದೆ.

ಈಗ ಮನೆಯ ಪ್ರೆಶರ್ ವಾಶರ್. ಗನ್ ಬಿಚ್ಚಿ ಆ ಜಾಗಕ್ಕೆ ತೆಳ್ಳನೆ ಹೋಸ್ ಹಾಕುವುದು. ಅದರ ತುದಿಯಲ್ಲಿ ಬೆರಳ ತುದಿಯಷ್ಟು ನಾಜಲ್. ಅದನ್ನು ಕೈಯಲ್ಲಿ ಹಿಡಿದು ನೋಡಿದರೆ ಇಡೀ ವಿದ್ಯೆ ಅರ್ಥವಾಗುತ್ತದೆ: ಮುಂದಕ್ಕೆ ಒಂದು ತೂತು, ಹಿಂದಕ್ಕೆ ಓರೆಯಾಗಿ ಮೂರೋ ನಾಲ್ಕೋ ತೂತು. ಮುಂದಿನದು ಕಟ್ಟಿದ್ದನ್ನು ಕೊರೆಯುತ್ತದೆ. ಹಿಂದಿನವು ಗೋಡೆ ತೊಳೆಯುತ್ತವೆ, ಹೋಸನ್ನು ತಾವೇ ಮುಂದಕ್ಕೆ ಎಳೆದುಕೊಂಡು ಹೋಗುತ್ತವೆ, ಗಲೀಜನ್ನು ಹಿಂದಕ್ಕೆ ದೂಡುತ್ತವೆ. ಹೋಸ್ ಕೈಯಿಂದ ಜಾರಿಕೊಂಡು ಹೋಗುವುದು ಗೊತ್ತಾಗುತ್ತದೆ. ಎಲ್ಬೋ ಸಿಕ್ಕಿದರೆ ಟಕ್ ಅಂತ ನಿಲ್ಲುತ್ತದೆ. ಆಗ ಜೋರು ಮಾಡಿ ತುರುಕಬಾರದು. ಸ್ವಲ್ಪ ಹಿಂದಕ್ಕೆಳೆದು, ತಿರುಚಿ, ಮತ್ತೆ ಬಿಟ್ಟರೆ ದಾಟುತ್ತದೆ. ಇದಕ್ಕೆ ನಾಜಲ್ ಗಿಡ್ಡ ಇರಬೇಕು, ಉದ್ದ ನಾಜಲ್ ಸಣ್ಣ ಎಲ್ಬೋದಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತದೆ.

ಸಿಂಕಿನ ಪೈಪಿಗೆ ಇದು ಭೇಷ್. ಹೊರಗೆ ಪೈಪುಗಳು ಬಂದು ಸೇರುವ ಮುಚ್ಚಳದ ಗುಂಡಿ, ಅಂದರೆ ಚೇಂಬರಿನ ಕಡೆಯಿಂದ ಮೇಲಕ್ಕೆ ಬಿಟ್ಟೆ. ಮೊದಲು ಬೂದು ನೀರು, ಆಮೇಲೆ ಜಿಡ್ಡಿನ ಹೆಕ್ಕಳೆಗಳು ಬಂದವು. ಒಂದನ್ನು ಕಡ್ಡಿಯಲ್ಲಿ ಎತ್ತಿ ನೋಡಿದರೆ ಹೊರಮೈ ಪೈಪಿನದೇ ಬಾಗು, ನಯವಾಗಿತ್ತು, ಒಳಮೈ ಕಪ್ಪಗೆ ಒರಟಾಗಿತ್ತು. ಗೋಡೆಯಿಂದಲೇ ಕಿತ್ತು ಬಂದಿತ್ತು ಅಂತ ಅದರಲ್ಲೇ ಗೊತ್ತಾಯಿತು. ಸ್ಪ್ರಿಂಗ್ ಎಷ್ಟು ತಿರುಗಿಸಿದರೂ ಹೀಗೆ ಬಂದಿರಲಿಲ್ಲ.

ಅದೇ ಮೆಷಿನ್ನನ್ನು 4 ಇಂಚಿನ ಮುಖ್ಯ ಲೈನಿಗೆ ಬಿಟ್ಟಾಗ ಸಪ್ಪೆ. ಲೆಕ್ಕ ಹಾಕಿ ನೋಡಿ. ಮನೆಯ ವಾಶರ್ 100ರಿಂದ 130 ಬಾರ್ ಪ್ರೆಶರ್ ಕೊಡಬಹುದು, ಆದರೆ ನೀರು ನಿಮಿಷಕ್ಕೆ 6–8 ಲೀಟರ್ ಮಾತ್ರ. ಒಳಗಿನ ಅಗಲ 40 ಮಿ.ಮೀ. ಇರುವ ಪೈಪಿನ ಒಂದು ಮೀಟರಿಗೆ ಹಿಡಿಸುವುದು ಸುಮಾರು ಒಂದೂಕಾಲು ಲೀಟರ್. ಅಂದರೆ ನಿಮಿಷಕ್ಕೆ ಐದಾರು ಮೀಟರ್ ಪೈಪ್ ತುಂಬುವಷ್ಟು ನೀರು, ಗಲೀಜು ಕೊಚ್ಚಿಕೊಂಡು ಹೋಗುತ್ತದೆ. 100 ಮಿ.ಮೀ. ಪೈಪಿನಲ್ಲಾದರೆ ಒಂದು ಮೀಟರಿಗೇ ಎಂಟು ಲೀಟರ್ ಹತ್ತಿರ ಬೇಕು. ಜೆಟ್ ಕೆರೆಯುತ್ತದೆ ನಿಜ, ಕೆರೆದದ್ದನ್ನು ಸಾಗಿಸಲು ನೀರಿಲ್ಲ. ಮರಳು, ಹೂಳು ಎರಡು ಅಡಿ ಮುಂದೆ ಹೋಗಿ ಮತ್ತೆ ಕೂರುತ್ತದೆ. ಇನ್ನೂ ಜಾಸ್ತಿ ಬಾರ್ ಇರುವ ವಾಶರ್ ಕೊಂಡರೆ ಸರಿಹೋಗುತ್ತದೆ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ನೀರು ಅಷ್ಟೇ ಇದ್ದರೆ ಏನೂ ಸರಿಹೋಗುವುದಿಲ್ಲ. ಇನ್ನೊಂದು ಮಾತು, ವಾಶರಿಗೆ ನೀರು ಒಳಬರುವ ಕಡೆಯೂ ಚೆನ್ನಾಗಿರಬೇಕು. ನಲ್ಲಿಯ ನೀರು ಸಣ್ಣಗಿದ್ದರೆ ಪಂಪ್ ಗಾಳಿ ಎಳೆದು ಗರಗರ ಅನ್ನುತ್ತದೆ. ಹಾಗೇ ಓಡಿಸಿದರೆ ಕೆಡುತ್ತದೆ.

ದೊಡ್ಡ ಮೆಷಿನ್ ಬೇರೆಯದೇ ಲೋಕ. ತನ್ನದೇ ನೀರಿನ ಟ್ಯಾಂಕ್, ದಪ್ಪ ಹೋಸ್, ನಿಮಿಷಕ್ಕೆ ಹತ್ತಾರು ಲೀಟರ್ ನೀರು. ಆದರೆ ಇಲ್ಲಿ ಮೆಷಿನ್ನಿಗಿಂತ ಹಿಡಿದವರ ಕೈ ಮುಖ್ಯ. ಒಮ್ಮೆ ಬಂದವರು ಬಚ್ಚಲಿನ ಕಡೆಯಿಂದಲೇ ಹೋಸ್ ತುರುಕಿದರು. ಹಿಂದಕ್ಕೆ ಚಿಮ್ಮುವ ನೀರಿಗೆ ಹೋಗಲು ದಾರಿಯಿಲ್ಲ, ಎಲ್ಲಾ ನೆಲಕ್ಕೇ ಬಂತು. ತೊಳೆದು ತೊಳೆದು ಸಾಕಾಯಿತು. ಇನ್ನೊಮ್ಮೆ ಬೇರೆಯವರು ಬಂದರು. ಅವರು ಮೊದಲು ಚೇಂಬರುಗಳ ಮುಚ್ಚಳ ತೆಗೆದು ನೋಡಿದರು. ಯಾವುದರಲ್ಲಿ ನೀರು ನಿಂತಿದೆ, ಯಾವುದು ಖಾಲಿ ಇದೆ ಅಂತ ನೋಡಿದರೆ ಕಟ್ಟಿರುವುದು ಆ ಎರಡರ ನಡುವೆ ಅಂತ ಗೊತ್ತಾಗುತ್ತದೆ ಅಲ್ವಾ? ಖಾಲಿ ಚೇಂಬರಿನಿಂದ ಮೇಲಕ್ಕೆ ಹೋಸ್ ಬಿಟ್ಟರು. ಒಮ್ಮೆ ಒಡೆದುಕೊಂಡ ಮೇಲೂ ನಿಲ್ಲಿಸಲಿಲ್ಲ, ನೀರು ಬಿಟ್ಟುಕೊಂಡೇ ನಿಧಾನವಾಗಿ ಹಿಂದಕ್ಕೆಳೆದರು. ಗೋಡೆ ತೊಳೆಯುವುದು ಈ ಹಿಂದಿನ ಪಯಣದಲ್ಲೇ. ಅರ್ಜೆಂಟಲ್ಲಿ ಸರ್ರನೆ ಎಳೆಯುವವರನ್ನು ಅಲ್ಲೇ ತಡೆದು ಹೇಳಿ.

ನೀವೇ ಹೋಸ್ ಹಿಡಿಯುವುದಾದರೆ, ನಾಜಲ್ಲಿನಿಂದ ಒಂದು ಮೀಟರ್ ಹಿಂದೆ ಬಣ್ಣದ ಟೇಪ್ ಸುತ್ತಿ. ಹಿಂದಕ್ಕೆ ಎಳೆಯುವಾಗ ಟೇಪ್ ಕಂಡ ತಕ್ಷಣ ಮೆಷಿನ್ ಆಫ್. ನೀರು ಬಿಟ್ಟಿರುವ ನಾಜಲ್ ಹೊರಗೆ ಬಂದರೆ ಹಾವಿನಂತೆ ಹೊಡೆದಾಡುತ್ತದೆ. ಶುರು ಮಾಡುವಾಗಲೂ ನಾಜಲ್ ಪೈಪಿನ ಒಳಗೆ ಹೋದ ಮೇಲೇ ಸ್ವಿಚ್. ಈ ನೀರು ಚರ್ಮ ಕೊರೆದು ಒಳಗೆ ಹೋಗಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಗಾಯ ದೊಡ್ಡದಿರುತ್ತದೆ, ಅದೂ ಮೋರಿ ನೀರು. ಸುಮ್ನೆ ಬ್ಯಾಂಡೇಜ್ ಹಾಕಿಕೊಂಡು ಕೂರದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಗುಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಯಾರೂ ಇಳಿಯಬಾರದು. ಒಳಗಿನ ವಿಷದ ಗ್ಯಾಸ್ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ.

ನಾಲ್ಕೂ ಕೈಕೊಡುವ ಜಾಗಗಳಿವೆ. ಹಳೆಯ ಮಣ್ಣಿನ ಪೈಪಿನ ಜೋಡಣೆ ಬಿಟ್ಟಿದ್ದರೆ ಅಲ್ಲಿಂದ ಬೇರು ನುಗ್ಗುತ್ತದೆ. ಬೇರು ಕತ್ತರಿಸುವ ನಾಜಲ್ ಉಂಟು, ಆದರೆ ಬೇರು ಮತ್ತೆ ಬೆಳೆಯುತ್ತದೆ, ಜೋರು ನೀರಿಗೆ ಸುತ್ತಲ ಮಣ್ಣೂ ಕೊಚ್ಚಿಹೋಗಬಹುದು. ತುಕ್ಕು ತಿಂದು ತೆಳುವಾದ ಕಬ್ಬಿಣದ ಪೈಪಿಗೂ ಜೆಟ್ ಬೇಡ. ಜೆಟ್ ಮಾಡಿಸಿ ಸ್ವಲ್ಪ ದಿನಕ್ಕೇ ಅದೇ ಜಾಗ ಕಟ್ಟುತ್ತಿದ್ದರೆ ಪೈಪಿನೊಳಗೆ ಕ್ಯಾಮೆರಾ ಬಿಡಿಸಿ. ತೊಳೆದ ಪೈಪಿನಲ್ಲೂ ಕ್ಯಾಮೆರಾ ಒಂದು ಕಡೆ ನೀರಿನಲ್ಲಿ ಮುಳುಗಿ ಎದ್ದರೆ ಪೈಪ್ ಅಲ್ಲಿ ಜೋತುಬಿದ್ದಿದೆ ಅಂತ ಲೆಕ್ಕ. ಅಷ್ಟು ಉದ್ದವನ್ನು ಅಗೆದು, ಇಳಿಜಾರು ಸರಿಮಾಡಿ ಮತ್ತೆ ಹೂಳಿಸಬೇಕಾಗುತ್ತದೆ.