ಅಗಲ ಪಾದದವರಿಗೆ ಹೇಳಲೇಬೇಕಾದ ಶೂ: ನ್ಯೂ ಬ್ಯಾಲೆನ್ಸ್ 880, 2ಇ

ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋದ ಮೇಲೆಯೇ ನಾನು ಶೂ ಬಗ್ಗೆ ಸರಿಯಾಗಿ ಯೋಚಿಸಿದ್ದು. ಬೆಳಿಗ್ಗೆ ಮಂಗಳೂರಿನ ಕದ್ರಿ ಪಾರ್ಕ್ ಕಡೆ ನಾಲ್ಕೈದು ಕಿಲೋಮೀಟರ್ ನಡಿಗೆ, ಭಾನುವಾರ ಮಂಗಳಾ ಸ್ಟೇಡಿಯಂನಲ್ಲಿ ಸ್ವಲ್ಪ ಓಟ, ಇಷ್ಟೇ ನನ್ನದು. ಅದಕ್ಕೆಂದು ಊರಿನ ಒಂದು ಅಂಗಡಿಯಲ್ಲಿ ಡಿಸ್ಕೌಂಟ್ ಇದೆ ಅಂತ ಒಂದು ಜೊತೆ ತಂದಿದ್ದೆ. ಹಾಕಿ ನೋಡುವಾಗಲೇ ಕಿರುಬೆರಳು ಒತ್ತುತ್ತಿತ್ತು. "ನಾಲ್ಕು ದಿನ ಹಾಕಿದ್ರೆ ಲೂಸ್ ಆಗ್ತದೆ ಸರ್, ಎಂತ ತೊಂದ್ರೆ ಇಲ್ಲ" ಅಂದ ಹುಡುಗ. ಮೂರು ತಿಂಗಳಾದರೂ ಆಗಲಿಲ್ಲ. ಮುಂದಿನ ಸಲ ಒಂದು ಸೈಜ್ ದೊಡ್ಡದು ತಗೊಂಡೆ, ಅಗಲ ಹೇಗೋ ಸಾಕಾಯಿತು, ಆದರೆ ಉದ್ದ ಜಾಸ್ತಿಯಾಗಿ ಕದ್ರಿ ಗುಡ್ಡ ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಹೋಗಿ ಬಡಿಯುತ್ತಿತ್ತು. ಉಗುರು ಹೋದದ್ದು ಹಾಗೆ.

ಚಿಕ್ಕಂದಿನಲ್ಲಿ ಬರಿಗಾಲು, ಆಮೇಲೆ ಹವಾಯಿ ಚಪ್ಪಲಿ. ನನ್ನ ಪಾದ ಬೆರಳಿನ ಹತ್ತಿರ ಅಗಲ, ಹಿಮ್ಮಡಿ ಸಾಧಾರಣ. ನಮ್ಮ ಕಡೆ ಇಂಥ ಪಾದ ಬೇಕಾದಷ್ಟು ಜನರಿಗೆ ಉಂಟು. ಆದರೂ ಅಂಗಡಿಯಲ್ಲಿ ಕೇಳುವುದು "ಎಂಟಾ, ಒಂಬತ್ತಾ" ಅಂತ ಮಾತ್ರ.

ಒಂದು ಸುಲಭ ಪರೀಕ್ಷೆ ಮಾಡಿ. ಶೂ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಬೆರಳು ಅಂಚಿನಿಂದ ಹೊರಗೆ ಬಂದರೆ ಆ ಶೂ ನಿಮ್ಮದಲ್ಲ. ನನ್ನದು ಎರಡೂ ಕಡೆ ಹೊರಗಿತ್ತು! ಪಾದ ಅಳೆಯುವುದಾದರೆ ಸಂಜೆ ಅಳೆಯಿರಿ, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಎರಡೂ ಪಾದ ಒಂದೇ ಅಳತೆ ಇರುವುದಿಲ್ಲ, ದೊಡ್ಡದರ ಲೆಕ್ಕಕ್ಕೆ ತಗೊಳ್ಳಬೇಕು. ಎಲ್ಲಕ್ಕಿಂತ ಉದ್ದದ ಕಾಲ್ಬೆರಳಿನ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಸೈಜ್ ನಂಬರನ್ನೇ ನಂಬಬೇಡಿ, ಅಡಿಡಾಸ್‌ನಲ್ಲಿ ಗಂಡಸರ ಯುಕೆ 8 ಅಂದರೆ ಯುಎಸ್ 8.5, ನೈಕಿಯಲ್ಲಿ ಅದೇ ಯುಕೆ 8 ಅಂದರೆ ಯುಎಸ್ 9. ಸೆಂಟಿಮೀಟರ್ ನೋಡುವುದೇ ಒಳ್ಳೆಯದು.

ನ್ಯೂ ಬ್ಯಾಲೆನ್ಸ್ ಕಂಪನಿಯ ಶೂಗಳಲ್ಲಿ ಅಗಲಕ್ಕೂ ಗುರುತು ಇದೆ. ಗಂಡಸರಿಗೆ ಡಿ ಅಂದರೆ ಮಾಮೂಲಿ, 2ಇ ಅಗಲ, 4ಇ ಇನ್ನೂ ಅಗಲ. ಹೆಂಗಸರಿಗೆ ಬಿ ಮಾಮೂಲಿ, ಡಿ ಅಗಲ. ಇಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ 2ಇ ಇರಲಿಲ್ಲ. ಕೊನೆಗೆ ಕಾಗದದ ಮೇಲೆ ಪಾದದ ಗೆರೆ ಎಳೆದು, ಅಳತೆ ಬರೆದು ದುಬೈಯಲ್ಲಿರುವ ತಂಗಿಯ ಮಗನಿಗೆ ಕಳಿಸಿದೆ, ಅವನು ರಜೆಗೆ ಬರುವಾಗ 2ಇ ಅಗಲದ 880 ಶೂ ತಂದುಕೊಟ್ಟ.

ಎಂಟು ತಿಂಗಳಾಯಿತು. ಬೆರಳು ಒಳಗೆ ಆರಾಮವಾಗಿ ಅಗಲಿಸಿ ಕೂರುತ್ತವೆ, ಹೊಸ ಉಗುರು ಪೂರ್ತಿ ಬಂದಿದೆ. ಮೊದಲ ವಾರ ಹಿಮ್ಮಡಿ ಸ್ವಲ್ಪ ಏಳುತ್ತಿತ್ತು, ನನ್ನ ಹಿಮ್ಮಡಿ ಅಗಲ ಇಲ್ಲವಲ್ಲ. ಎಲ್ಲಕ್ಕಿಂತ ಮೇಲೆ ಒಂದು ತೂತು ಸುಮ್ನೆ ಖಾಲಿ ಇರುತ್ತದೆ ಅಲ್ವಾ, ಲೇಸನ್ನು ಅದರೊಳಗೆ ಹಾಕಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರಲ್ಲಿ ತೂರಿಸಿ ಎಳೆದು ಕಟ್ಟಿದೆ. ಮತ್ತೆ ಅಲ್ಲಾಡಲಿಲ್ಲ.

ಒಂದು ಮಾತು, 880 ನಡೆಯುವಾಗ ಒಳಕ್ಕೆ ವಾಲದ ಪಾದಕ್ಕೆ ಮಾಡಿದ ಮೆತ್ತನೆಯ ಶೂ. ಒದ್ದೆ ಕಾಲಲ್ಲಿ ಕಾವಿ ನೆಲದ ಮೇಲೆ ಹೆಜ್ಜೆ ಇಟ್ಟು ನೋಡಿ. ನಡುವೆ ಬಾಗು ಕಾಣದೆ ಇಡೀ ಪಾದ ಮೂಡಿದರೆ ಚಪ್ಪಟೆ ಪಾದ ಇರಬಹುದು. ನಡೆಯುವಾಗ ಪಾದ ಒಳಕ್ಕೆ ವಾಲುತ್ತಿದ್ದರೆ ಅದಕ್ಕೆ ಆಸರೆ ಕೊಡುವ 860 ಬೇರೆ ಇದೆ, ಎರಡನ್ನೂ ಹಾಕಿ ನಡೆದು ಯಾವುದು ಹಿತವೋ ನೋಡಿ. ಮಂಡಿ ನೋವಿದ್ದರೆ ಮೊದಲು ಡಾಕ್ಟರ್.

ಮಳೆಗಾಲಕ್ಕೆ ಇನ್ನೊಂದು ಜೊತೆ ಇರಲಿ. ಬಲೆಯಂಥ ಬಟ್ಟೆಯ ಶೂ ಜೂನ್‌ನಲ್ಲಿ ಒದ್ದೆಯಾದರೆ ಮರುದಿನ ಬೆಳಿಗ್ಗೆಯೂ ಹಸಿ. ಹಳೆ ಪೇಪರ್ ತುರುಕಿ ಫ್ಯಾನಿನ ಕೆಳಗಿಡಿ, ಒಲೆ ಹತ್ತಿರ ಬೇಡ. ಓಡುವವರ ಶೂಗೆ 500ರಿಂದ 800 ಕಿಲೋಮೀಟರ್ ಆಯುಸ್ಸು ಅಂತ ಲೆಕ್ಕ, ನನ್ನದು ಆ ಹತ್ತಿರ ಬಂತು. ಬೆಲೆ ಕಡಿಮೆಯಲ್ಲ. ಆದರೂ ಮಂಗಳೂರಿನ ಯಾವುದಾದರೂ ಅಂಗಡಿಯವರು 2ಇ ತರಿಸಿ ಇಟ್ಟರೆ ಹೇಳಿ ಮಾರಾಯ್ರೇ, ಮುಂದಿನ ಜೊತೆ ಅಲ್ಲೇ ತಗೊಳ್ಳುತ್ತೇನೆ.