ಮೊದಲು ಟೈರು, ಆಮೇಲೆ ಚಕ್ರ: ಹಳೆಯ ಎಂಎಕ್ಸ್-5ಕ್ಕೆ ಎನ್‌ಕೈ ಆರ್‌ಪಿಎಫ್1

ಎನ್‌ಕೈ ಕಂಪನಿಯ ಆರ್‌ಪಿಎಫ್1 ಚಕ್ರದ ಬಗ್ಗೆ ಮಾತಾಡುವವರೆಲ್ಲ ಮೊದಲು ಅದರ ತೂಕ ಹೇಳುತ್ತಾರೆ. ನಾನೂ ಹೇಳಿಬಿಡುತ್ತೇನೆ. 15 ಇಂಚು ವ್ಯಾಸ, 7 ಇಂಚು ಅಗಲದ ಚಕ್ರ, ಟೈರಿಲ್ಲದೆ, ಮನೆಯ ತಕ್ಕಡಿಯಲ್ಲಿ ನಾಲ್ಕೂವರೆ ಕಿಲೋ ಹತ್ತಿರ ಬಂತು. ಎರಡು ಬೆರಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಬಹುದು. ಆದರೆ ಈ ಒಂದು ಅಂಕಿ ನೋಡಿ ಚಕ್ರ ಕೊಳ್ಳುವವರ ಮೇಲೆ ನನಗೊಂದು ತಕರಾರಿದೆ. ಈ ಬರಹದ ಹೆಚ್ಚುಪಾಲು ಆ ತಕರಾರೇ.

ಕಾರು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. 1989ರಲ್ಲಿ ಹೊರಬಂದ ಮಾದರಿ; ಎರಡೇ ಸೀಟು, ಇಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ, ಒಟ್ಟು ತೂಕ ಒಂದು ಟನ್ನಿನೊಳಗೆ. ನನ್ನದರಲ್ಲಿ ಪವರ್ ಸ್ಟೇರಿಂಗ್ ಇಲ್ಲ. ಇದನ್ನು ಈಗಲೇ ಹೇಳಿಡುತ್ತೇನೆ, ಮುಂದೆ ಕೆಲಸಕ್ಕೆ ಬರುತ್ತದೆ. ಕಾರಿನ ಜೊತೆ ಬಂದದ್ದು 14 ಇಂಚಿನ, ಐದೂವರೆ ಇಂಚು ಅಗಲದ ಅಲಾಯ್ ಚಕ್ರ, ಅದಕ್ಕೆ 185/60 ಆರ್14 ಟೈರು. ಆ ಹಳೆಯ ಚಕ್ರವೇನೂ ದಡೂತಿಯಲ್ಲ. ಅದೇ ತಕ್ಕಡಿಯಲ್ಲಿ ಐದೂವರೆ ಕಿಲೋ ಆಸುಪಾಸು ತೂಗಿತು. ಆ ಕಾಲದ ಎಂಜಿನಿಯರುಗಳು ಗ್ರಾಮು ಗ್ರಾಮು ಎಣಿಸಿ ಕಟ್ಟಿದ ಕಾರಿದು. ಇದಕ್ಕೆ ಅಂದಕ್ಕೆಂದು 17 ಇಂಚಿನ ಚಕ್ರ ಹಾಕಿಸುವವರು ಒಂದೊಂದು ಮೂಲೆಯಲ್ಲೂ ಕಿಲೋಗಟ್ಟಲೆ ಭಾರ ಹೊರಿಸಿ, ಅದನ್ನು 'ಅಪ್‌ಗ್ರೇಡ್' ಅನ್ನುತ್ತಾರೆ.

ಹಾಗಾದರೆ ಬದಲಾಯಿಸಿದ್ದು ಯಾಕೆ? ಟೈರಿಗಾಗಿ. 14 ಇಂಚಿನಲ್ಲಿ ಒಳ್ಳೆಯ ಸ್ಪೋರ್ಟ್ಸ್ ಟೈರುಗಳು ಕಡಿಮೆಯಾಗುತ್ತಾ ಬಂದಿವೆ. ಸಿಗುವುದು ಬಹುಪಾಲು ಮೈಲೇಜಿಗೆ, ಬಾಳಿಕೆಗೆ ಮಾಡಿದವು. 15 ಇಂಚಿಗೆ ಹೋದರೆ 195/50 ಆರ್15 ಎಂಬ ಅಳತೆ ಇದೆ, ಅದರಲ್ಲಿ ಆಯ್ಕೆಗೆ ಬರವಿಲ್ಲ. ಇನ್ನೊಂದು ಅನುಕೂಲವನ್ನು ನೀವೇ ಲೆಕ್ಕ ಹಾಕಿ ನೋಡಬಹುದು. 185 ಮಿ.ಮೀ. ಟೈರಿನ ಅಗಲ; ಅದರ 60 ಶೇಕಡಾ ಅಂದರೆ ಪಕ್ಕದ ಗೋಡೆ 111 ಮಿ.ಮೀ. ಅದನ್ನು ಎರಡು ಸಲ ಕೂಡಿಸಿ, 14 ಇಂಚಿನ 355.6 ಸೇರಿಸಿದರೆ ಒಟ್ಟು ವ್ಯಾಸ 577.6 ಮಿ.ಮೀ. ಹೊಸ ಅಳತೆಗೆ ಇದೇ ಲೆಕ್ಕ ಹಾಕಿದರೆ 576. ಎರಡು ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಗೇರುಗಳ ಲೆಕ್ಕ ತಪ್ಪುವುದಿಲ್ಲ. ಲೋಡ್ ಇಂಡೆಕ್ಸ್ ಎರಡರಲ್ಲೂ 82, ಅಂದರೆ ಟೈರೊಂದು 475 ಕಿಲೋ ಹೊರಬಲ್ಲದು. ಮೊದಲು ಟೈರು ಗೊತ್ತುಮಾಡಿಕೊಂಡು, ಆ ಟೈರಿಗೆ ತಕ್ಕ ಚಕ್ರ ಹುಡುಕಬೇಕು ಎಂದು ನಾನು ಹೇಳುವುದು ಇದಕ್ಕೇ. ಬಹಳ ಜನ ತಿರುಗಾಮುರುಗಾ ಮಾಡುತ್ತಾರೆ: ಫೋಟೋ ನೋಡಿ ಚಕ್ರ ತರುತ್ತಾರೆ, ಆಮೇಲೆ ಅದಕ್ಕೆ ಯಾವ ಟೈರು ಹೊಂದುತ್ತದೆ ಎಂದು ತಡಕಾಡುತ್ತಾರೆ.

ಈಗ ತೂಕದ ವಿಷಯ. ಚಕ್ರದಲ್ಲಿ ಒಂದು ಕಿಲೋ ಉಳಿಸಿದರೆ ಕಾರಿನಲ್ಲಿ ಹತ್ತು ಕಿಲೋ ಉಳಿಸಿದಂತೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅದಕ್ಕೆ ಬುಡವಿಲ್ಲ. ಉರುಳುವ ವಸ್ತುವಿಗೆ ವೇಗ ಕೊಡಲು ಎರಡು ಕೆಲಸ ಆಗಬೇಕು: ಅದನ್ನು ಮುಂದಕ್ಕೆ ತಳ್ಳಬೇಕು, ಜೊತೆಗೆ ತಿರುಗಿಸಬೇಕು. ತೂಕವೆಲ್ಲ ನೆಲ ಮುಟ್ಟುವ ಅಂಚಿನಲ್ಲೇ ಇದ್ದರೂ ತಿರುಗಿಸುವ ಕೆಲಸ ತಳ್ಳುವ ಕೆಲಸದಷ್ಟೇ ಆದೀತು, ಅದಕ್ಕಿಂತ ಹೆಚ್ಚಾಗದು. ಹಾಗಾಗಿ ಒಂದು ಕಿಲೋ ಎರಡು ಕಿಲೋದ ಹಾಗೆ ಕಾಡಬಹುದು. ಹತ್ತಿರಲಿ, ಮೂರೂ ಆಗುವುದಿಲ್ಲ. ರಿಮ್‌ನ ಪಾಲಂತೂ ಇನ್ನೂ ಕಡಿಮೆ. 15 ಇಂಚಿನ ರಿಮ್‌ನಲ್ಲಿ ಟೈರು ಕೂರುವ ಜಾಗ ನಡುವಿನಿಂದ 190 ಮಿ.ಮೀ. ದೂರದಲ್ಲಿದೆ, ಟೈರಿನ ಹೊರಮೈ 288ರಲ್ಲಿದೆ. ದೂರದ ವರ್ಗ ಲೆಕ್ಕಕ್ಕೆ ಬರುವುದರಿಂದ ರಿಮ್‌ನ ಒಂದು ಕಿಲೋ ಒಂದೂವರೆ ಕಿಲೋವನ್ನೂ ಮುಟ್ಟುವುದಿಲ್ಲ. ನಾನು ನಾಲ್ಕು ಮೂಲೆಗಳಿಂದ ಉಳಿಸಿದ್ದು ಸುಮಾರು ನಾಲ್ಕು ಕಿಲೋ. ಡಿಕ್ಕಿಯಿಂದ ಆರು ಕಿಲೋ ಸಾಮಾನು ಇಳಿಸಿದರೆ ಪಿಕಪ್‌ನಲ್ಲಿ ಇದಕ್ಕಿಂತ ಹೆಚ್ಚು ಲಾಭ.

ಟೈರು ಹಾಗಲ್ಲ. ಅದರ ತೂಕದ ದೊಡ್ಡ ಪಾಲು ಹೊರ ಅಂಚಿನಲ್ಲೇ ಇರುತ್ತದೆ, ಆ ಎರಡರ ಗುಣಾಕಾರಕ್ಕೆ ಹತ್ತಿರ ಬರುವುದು ಅದೇ. ಗೆಳೆಯನೊಬ್ಬನ ಹತ್ತಿರ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಗಳಿಗೆಂದು ಇಟ್ಟುಕೊಂಡ ಟೈರುಗಳಿದ್ದವು, ಟ್ರೆಡ್‌ವೇರ್ (ಸವೆತದ ಅಂಕಿ) 200 ಎಂದು ಅಚ್ಚಾದ ಜಿಗುಟು ಜಾತಿ. ಅಳತೆ ನನ್ನದೇ. ತೂಗಿ ನೋಡಿದರೆ ನಾನು ಆರಿಸಿದ್ದ ರಸ್ತೆ ಟೈರಿಗಿಂತ ಒಂದೊಂದೂ ಒಂದು ಕಿಲೋ ಹೆಚ್ಚು. ಹಗುರ ಚಕ್ರ ಕೊಟ್ಟದ್ದನ್ನೆಲ್ಲ ಅವು ತಿಂದು, ಮೇಲೆ ಇನ್ನಷ್ಟು ಸಾಲ ಹೊರಿಸುತ್ತಿದ್ದವು. ಕ್ಯಾಟಲಾಗುಗಳಲ್ಲಿ ಚಕ್ರದ ತೂಕ ದಪ್ಪ ಅಕ್ಷರದಲ್ಲಿರುತ್ತದೆ, ಟೈರಿನ ತೂಕ ಹುಡುಕಿದರೂ ಸಿಗುವುದು ಕಷ್ಟ. ಎರಡನ್ನೂ ಸೇರಿಸಿ ತೂಗದೆ ಹಗುರ, ಭಾರ ಎಂಬ ಮಾತೇ ಆಡಬಾರದು.

ನಾನು ಕೊನೆಗೆ ಹಾಕಿಸಿದ್ದು ಯೊಕೊಹಾಮಾ ಆಡ್ವಾನ್ ಫ್ಲೇವಾ ವಿ701. ಜಿಗುಟು ಟೈರಿನ ಹಿಡಿತ ಇದಕ್ಕಿಲ್ಲ, ಒಪ್ಪಿಕೊಳ್ಳಬೇಕು. ಆದರೆ ಅದು ಬಿಸಿಯಾಗುವವರೆಗೆ ಕಾಯಬೇಕಿಲ್ಲ, ಮಳೆಯಲ್ಲಿ ನೀರು ನಿಂತ ಕಡೆ ಎದೆ ಡವಗುಟ್ಟುವುದಿಲ್ಲ. ಇನ್ನೊಂದು ಮಾತು: ಈ ಕಾರಿನ ಮಜಾ ಇರುವುದು ಹಿಡಿತ ಬಿಟ್ಟುಕೊಡುವ ಆ ಅಂಚನ್ನು ಸಾಧಾರಣ ವೇಗದಲ್ಲೇ ಮುಟ್ಟಿ, ಮೆಲ್ಲಗೆ ವಾಪಸು ಬರುವುದರಲ್ಲಿ. ಅಂಟಿನಂಥ ಟೈರು ಹಾಕಿದರೆ ಆ ಅಂಚು ದೂರ ಸರಿಯುತ್ತದೆ, ಬಂದಾಗ ಒಮ್ಮೆಲೇ ಬರುತ್ತದೆ. ಗಡಿಯಾರದ ಮುಳ್ಳು ನೋಡಿ ಓಡಿಸುವವರ ಲೆಕ್ಕ ಬೇರೆ, ಅವರೊಡನೆ ನನಗೆ ಜಗಳವಿಲ್ಲ.

ಓಡಿಸಿದಾಗ ಗೊತ್ತಾದದ್ದು ಏನು? ಪಿಕಪ್‌ನಲ್ಲಿ ಏನೂ ಇಲ್ಲ. ಯಾರಾದರೂ ಇದೆ ಅಂದರೆ ನಕ್ಕು ಸುಮ್ಮನಾಗಿ. ಆದರೆ ರಸ್ತೆ ಒಡೆದ ಕಡೆ, ಸಣ್ಣ ಸಣ್ಣ ಏರುತಗ್ಗು ಒಂದರ ಹಿಂದೊಂದು ಬರುವ ಕಡೆ ವ್ಯತ್ಯಾಸವಿದೆ. ಸ್ಪ್ರಿಂಗಿನ ಕೆಳಗಿನ ತೂಕ ಕಡಿಮೆಯಾದಷ್ಟೂ ಚಕ್ರ ಬೇಗ ಎದ್ದು ಬೇಗ ನೆಲಕ್ಕೆ ಮರಳುತ್ತದೆ, ಶಾಕ್ ಅಬ್ಸಾರ್ಬರಿಗೆ ಅದನ್ನು ಅಂಕೆಯಲ್ಲಿಡುವ ಕೆಲಸ ಹಗುರವಾಗುತ್ತದೆ. ಭಾರದ ಕಾರಿನಲ್ಲಿ ಮೂಲೆಗೊಂದು ಕಿಲೋ ಯಾರಿಗೂ ತಿಳಿಯದು. ಮೈಯೇ ಹಗುರವಾದ ಈ ಕಾರಿನಲ್ಲಿ ಚಕ್ರದ ಕುಣಿತ ಮೈಯನ್ನೂ ಕುಣಿಸುತ್ತದೆ, ಆದ್ದರಿಂದ ತಿಳಿಯುತ್ತದೆ. ಪಕ್ಕದ ಗೋಡೆ 111ರಿಂದ 97.5 ಮಿ.ಮೀ.ಗೆ ಇಳಿದದ್ದರಿಂದ ಸ್ಟೇರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತದೆ. ಅದೇ ಕಾರಣಕ್ಕೆ ಚೂಪಾದ ಗುಂಡಿಗೆ ಬಿದ್ದಾಗ ಸದ್ದು ಹೆಚ್ಚು. ಈ ಎರಡರಲ್ಲಿ ಯಾವುದು ಚಕ್ರದ ಕೊಡುಗೆ, ಯಾವುದು ಟೈರಿನದು ಎಂದು ಕೇಳಿದರೆ, ಹೆಚ್ಚಿನ ಪಾಲು ಟೈರಿಗೇ ಕೊಡುತ್ತೇನೆ.

ತಂಗಿಗೆ ಏನೂ ಹೇಳದೆ ಕೀ ಕೊಟ್ಟು ಕಳಿಸಿದೆ. ವಾಪಸು ಬಂದವಳು ಹಗುರ ಚಕ್ರದ ಸುದ್ದಿಯನ್ನೇ ಎತ್ತಲಿಲ್ಲ. "ಅಣ್ಣಾ, ಪಾರ್ಕ್ ಮಾಡುವಾಗ ಸ್ಟೇರಿಂಗ್ ಯಾಕೆ ಇಷ್ಟು ಭಾರ ಆಗಿದೆ? ಏನಾದ್ರೂ ಕೆಟ್ಟಿದೆಯಾ?" ಅಂದಳು. ಕೆಟ್ಟಿಲ್ಲ, ಆಫ್‌ಸೆಟ್ ಬದಲಾಗಿದೆ. ಚಕ್ರವನ್ನು ಹಬ್ಬಿಗೆ (ಕಾರಿನಲ್ಲಿ ಚಕ್ರ ಕೂರುವ ನಡುಭಾಗಕ್ಕೆ) ಬಿಗಿಯುವ ಮುಖ, ಚಕ್ರದ ಅಗಲದ ನಡುಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬುದೇ ಆಫ್‌ಸೆಟ್. ಹಳೆಯದಕ್ಕೆ ಅದು 45 ಮಿ.ಮೀ., ಹೊಸದಕ್ಕೆ 35. ಅಗಲವೂ ಒಂದೂವರೆ ಇಂಚು ಹೆಚ್ಚಿದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಹೊಸ ಚಕ್ರದ ಹೊರ ಅಂಚು 29 ಮಿ.ಮೀ. ಹೊರಗೆ, ಒಳ ಅಂಚು 9 ಮಿ.ಮೀ. ಒಳಗೆ ಸರಿದಿದೆ. ನೋಡಲು ಚೆಂದ, ಫೆಂಡರಿಗೆ ಉಜ್ಜುವುದಿಲ್ಲ. ಆದರೆ ಸ್ಟೇರಿಂಗ್ ತಿರುಗುವ ಅಕ್ಷದಿಂದ ಟೈರಿನ ನಡುಭಾಗ ದೂರ ಹೋದದ್ದಕ್ಕೆ, ಪವರ್ ಸ್ಟೇರಿಂಗ್ ಇಲ್ಲದ ಕಾರಿನಲ್ಲಿ ತೋಳು ಲೆಕ್ಕ ಕೊಡಬೇಕು. ನೇರ ರಸ್ತೆಯಲ್ಲೂ ಜಾಡುಗಳ ಹಿಂದೆ ಹೋಗುವ ಚಪಲ ಸ್ವಲ್ಪ ಬಂದಿದೆ. ಇಂಥದ್ದು ಬೇಡವೆನ್ನುವವರು ಇದೇ ಚಕ್ರವನ್ನು 41ರ ಆಫ್‌ಸೆಟ್‌ನಲ್ಲಿ ಹುಡುಕಲಿ.

ಕೊಳ್ಳುವ ಮುನ್ನ ನೋಡಬೇಕಾದ ಉಳಿದ ಅಳತೆಗಳು ಬೇಗ ಮುಗಿಯುತ್ತವೆ. ಈ ಕಾರಿಗೆ ನಾಲ್ಕು ಬೋಲ್ಟು, ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ. ಹಬ್ಬಿನ ವ್ಯಾಸ 54.1 ಮಿ.ಮೀ. ಹೊರಗೆ ಕೊಂಡ ಚಕ್ರಗಳ ನಡುತೂತು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು, ನಡುವೆ ಸರಿಯಾದ ಅಳತೆಯ ರಿಂಗ್ ಕೂರಿಸಿದರೆ ಚಕ್ರ ತಾನಾಗಿ ನಡುವಿಗೆ ಬರುತ್ತದೆ. ರಿಂಗ್ ಇಲ್ಲದೆ ಅಡ್ಡಾದಿಡ್ಡಿ ಬಿಗಿದು, ಸ್ಟೇರಿಂಗ್ ನಡುಗಿದಾಗ ಬ್ಯಾಲೆನ್ಸಿಂಗ್ ಮಾಡಿದವನನ್ನು ಬೈಯುವುದು ಅನ್ಯಾಯ. ನಟ್ಟುಗಳು 12 ಮಿ.ಮೀ., 1.5 ಪಿಚ್, ಶಂಕುವಿನ ಆಕಾರದ ತಳ ಇರಬೇಕು. ಆರ್‌ಪಿಎಫ್1ನಲ್ಲಿ ನಟ್ಟು ಕೂರುವ ತೂತು ಇಕ್ಕಟ್ಟು. ತೆಳು ಗೋಡೆಯ ಸಾಕೆಟ್ ಒಂದನ್ನು ಡಿಕ್ಕಿಯಲ್ಲಿ ಇಟ್ಟಿರಬೇಕು, ಇಲ್ಲದಿದ್ದರೆ ಪಂಕ್ಚರ್ ಆದ ದಿನ ಕಾರಿನ ಸ್ಪ್ಯಾನರ್ ಒಳಗೇ ಹೋಗದಿರಬಹುದು. ನಾನು 110 ನ್ಯೂಟನ್ ಮೀಟರ್‌ಗೆ ಟಾರ್ಕ್ ರೆಂಚಿನಲ್ಲಿ ಬಿಗಿಯುತ್ತೇನೆ, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡುತ್ತೇನೆ. ಗಾಳಿ: ಹಳೆಯ ಟೈರಿಗೆ ಮಾಜ್ದಾ ಹೇಳಿದ್ದು 26 ಪಿಎಸ್ಐ, ನಾನು ತಣ್ಣಗಿರುವಾಗ 28 ಇಟ್ಟಿದ್ದೇನೆ.

ಇದಕ್ಕಿಂತ ಹಗುರವಾದವು ಇಲ್ಲವೇ? ಇವೆ. ರೇಯ್ಸ್ (RAYS) ಎಂಬ ಕಂಪನಿಯ ವೋಲ್ಕ್ ಟಿಇ37 1996ರಲ್ಲಿ ಬಂದದ್ದು. ಹೆಸರಿನ ಆ 37 ಅಂದರೆ 15 ಇಂಚು, 6 ಇಂಚು ಅಗಲದ ಚಕ್ರ 3.7 ಕಿಲೋ ತೂಗುತ್ತಿತ್ತು ಎಂದು. ಅದು ಫೋರ್ಜ್ ಮಾಡಿದ್ದು: ಬಿಸಿ ಅಲ್ಯೂಮಿನಿಯಂ ಗಟ್ಟಿಯನ್ನು ಭಾರೀ ಒತ್ತಡದಲ್ಲಿ ಅಚ್ಚಿಗೆ ತುಳಿದು ಮಾಡುತ್ತಾರೆ. ಆರ್‌ಪಿಎಫ್1 ಎರಕದ್ದೇ, ಆದರೆ ಎರಕ ಹೊಯ್ದ ಮೇಲೆ ರಿಮ್ ಭಾಗವನ್ನು ಮತ್ತೆ ಕಾಯಿಸಿ ರೋಲರುಗಳ ನಡುವೆ ತಿರುಗಿಸಿ ಎಳೆಯುತ್ತಾರೆ. ಹಾಗೆ ಎಳೆದ ಲೋಹ ಬಿಗಿಯಾಗುವುದರಿಂದ ಗೋಡೆ ತೆಳುವಾಗಿದ್ದರೂ ತಡೆಯುತ್ತದೆ. ಎನ್‌ಕೈ ಇದಕ್ಕೆ ಮ್ಯಾಟ್ ಎಂಬ ಹೆಸರಿಟ್ಟಿದೆ. ಫೋರ್ಜ್ ಮಾಡಿದ್ದಕ್ಕೆ ಕೊಡುವ ಹೆಚ್ಚಿನ ಹಣವನ್ನು ಮುಂದಿನ ಟೈರುಗಳಿಗೆ ಎತ್ತಿಡುವುದು ಜಾಣತನ ಅನ್ನುವುದು ನನ್ನ ಅಭಿಪ್ರಾಯ. ದೂರವಿಡಬೇಕಾದದ್ದು ಇವೆರಡರ ನಕಲುಗಳನ್ನು. ಚಕ್ರದ ಮೇಲೆ ಜೆಡಬ್ಲ್ಯುಎಲ್, ವಿಐಎ ಗುರುತುಗಳಿವೆಯೇ ನೋಡಿ. ಮೊದಲನೆಯದು ಜಪಾನಿನ ಮಾನದಂಡ, ಎರಡನೆಯದು ಹೊರಗಿನ ಸಂಸ್ಥೆ ಪರೀಕ್ಷಿಸಿ ನೋಂದಾಯಿಸಿದ್ದರ ಗುರುತು. ಹಗುರ ಚಕ್ರದ ನಕಲು ಒಂದೋ ಭಾರವಾಗಿರುತ್ತದೆ, ಇಲ್ಲವೇ ಹಗುರವಾಗಿದ್ದು ಬಿರುಕು ಬಿಡುತ್ತದೆ.

ತೊಳೆಯುವುದೊಂದು ಕಾಟ. ಜೋಡಿ ಜೋಡಿಯಾಗಿ ಬಂದ ಹನ್ನೆರಡು ಕಡ್ಡಿಗಳ ಸಂದಿಯಲ್ಲಿ ಬ್ರೇಕಿನ ಪುಡಿ ಕೂರುತ್ತದೆ, ಬೆರಳು ಹೋಗುವುದಿಲ್ಲ.

ಈ ಟೈರು ಸವೆದ ಮೇಲೆ 205/50 ಆರ್15 ಹಾಕಿಸುವ ಯೋಚನೆಯಿದೆ. ವ್ಯಾಸ 586 ಆಗುತ್ತದೆ, ಕಾರಿನ ಜೊತೆ ಬಂದ ಟೈರಿಗಿಂತ ಸುಮಾರು ಒಂದೂವರೆ ಶೇಕಡಾ ದೊಡ್ಡದು, ಸ್ಪೀಡೋಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ. 7 ಇಂಚಿನ ರಿಮ್ 195ಕ್ಕೆ ಅಗಲದ ಕೊನೆಯ ಮಿತಿ. 205ಕ್ಕೆ ಏಳೂವರೆವರೆಗೂ ನಡೆಯುವುದರಿಂದ ಪಕ್ಕದ ಗೋಡೆ ಇಷ್ಟು ಸೆಟೆದುಕೊಳ್ಳದೆ ಕೂರುತ್ತದೆ, ಗುಂಡಿಯ ಸದ್ದೂ ಸ್ವಲ್ಪ ತಗ್ಗಬಹುದು. 8 ಇಂಚು ಅಗಲದ ಚಕ್ರಕ್ಕೆ 225 ಹಾಕಿ ಫೆಂಡರಿನ ಅಂಚು ಮಡಚಿಸಿಕೊಂಡವರ ಕಾರು ನೋಡಿದ್ದೇನೆ, ಚೆನ್ನಾಗಿಯೇ ಕಾಣುತ್ತದೆ. ಪವರ್ ಸ್ಟೇರಿಂಗ್ ಹಾಕಿಸಿಕೊಡುವುದಾದರೆ ಆಗಬಹುದು ಅನ್ನುತ್ತಾಳೆ ತಂಗಿ.